ಅವನು ಅರ್ಜಿ ಹಾಕದ ಕಾಲೇಜುಗಳು

ಸೈಲಸ್ ಬ್ರಾಂಟ್ ಮೊದಲ ದಿನವೇ ಬ್ರಿಟಾಳನ್ನು ಡಾಕ್ಟರ್ ಎಂದುಕೊಂಡ.

ತಪ್ಪು ಪೂರ್ತಿ ಅವನದಲ್ಲ. ದೊಡ್ಡ ಸರೋವರದ ದಡದ ಡುಲೂತ್‌ನ ಆ ಉಚಿತ ಹಲ್ಲಿನ ಆಸ್ಪತ್ರೆಯಲ್ಲಿ ಎಲ್ಲರೂ ತೊಡುವುದು ಒಂದೇ ನೀಲಿ ಬಟ್ಟೆ, ಒಂದೇ ಥರದ ಮಾಸ್ಕ್. ಅವನು ಒಳಗೆ ಬಂದಾಗ ಬ್ರಿಟಾ, ಕುರ್ಚಿಯಲ್ಲಿ ನಡುಗುತ್ತಿದ್ದ ಒಬ್ಬ ದಢೂತಿ ಲಾರಿ ಡ್ರೈವರನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳುತ್ತಿದ್ದಳು. ಆತ ತಲೆಯಾಡಿಸಿ, ಮಗುವಿನ ಹಾಗೆ ಬಾಯಿ ತೆರೆದ.

"ಡಾಕ್ಟರ್, ನಾನು ಸೈಲಸ್. ಡೆಂಟಲ್ ಕಾಲೇಜಿಗೆ ಅರ್ಜಿ ಹಾಕೋಕೆ ಮುಂಚೆ ನಿಮ್ಮ ಕೆಲಸ ನೋಡೋಣ ಅಂತ ಬಂದೆ."

ಮಾಸ್ಕಿನ ಮೇಲೆ ಎರಡು ಬೂದುಗಣ್ಣುಗಳು ಅವನತ್ತ ತಿರುಗಿದವು.

"ಡಾಕ್ಟರ್ ಕಾಫಿ ಕುಡೀತಿದಾರೆ. ನಾನು ಎಂಜಲು ಎಳೆಯೋ ಪೈಪ್ ಹಿಡಿಯೋಳು."

ಡ್ರೈವರು ತೆರೆದ ಬಾಯಲ್ಲೇ ನಕ್ಕ. ಸೈಲಸ್‌ನ ಕಿವಿ ಕೆಂಪಾಯಿತು. ಬ್ರಿಟಾ ನೀಮಿ ಮಾತ್ರ ನಗಲಿಲ್ಲ. ಡಾಕ್ಟರ್ ಎಂಬ ಆ ಶಬ್ದ ಅವಳಿಗೆ ಎಲ್ಲಿ ತಾಗಿತೆಂದು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ಬರತೊಡಗಿದ. ಗುಡ್ಡದ ಮೇಲಿನ ಯೂನಿವರ್ಸಿಟಿಯಲ್ಲಿ ಕೊನೆಯ ವರ್ಷ ಅವನಿಗೆ. ಮಾಸ್ಕ್ ಹಾಕಿಕೊಂಡವರು ಕಣ್ಣಿನಲ್ಲೇ ಮಾತಾಡಬೇಕಾಗುತ್ತದೆ. ಎಲ್ಲಿ ನಿಲ್ಲಲಿ ಎಂದು ಅವನ ಹುಬ್ಬು ಕೇಳುತ್ತಿತ್ತು. ಅಲ್ಲಿ, ಲೈಟಿಗೆ ಅಡ್ಡ ಬರಬೇಡ ಎಂದು ಅವಳ ಕಣ್ಣು ಹೇಳುತ್ತಿತ್ತು. ಕೆಲವು ವಾರಗಳಲ್ಲಿ ಆ ಕಣ್ಣು, ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅವನ ಮೇಲೆ ನಿಲ್ಲತೊಡಗಿತು.

ಒಂದು ಮಧ್ಯಾಹ್ನ ಅವಳು ಹಿಂಬದಿಯ ಮೆಟ್ಟಿಲ ಮೇಲೆ ಕೂತು ಸರೋವರದಂಚಿನಲ್ಲಿ ಬೆಳೆಯುವ ಕಾಡಕ್ಕಿಯ ಸೂಪ್ ಕುಡಿಯುತ್ತಿದ್ದಾಗ ಅವನು ಬಾಗಿಲು ತೆರೆದು ಹಾಗೇ ನಿಂತುಬಿಟ್ಟ. ಮಾಸ್ಕಿಲ್ಲದ ಅವಳ ಮುಖ ನೋಡಿದ್ದು ಅವತ್ತೇ ಮೊದಲು.

"ಏನಾಯ್ತು?"

"ಮೂಗು ಹೀಗಿರುತ್ತೆ ಅಂದ್ಕೊಂಡಿರ್ಲಿಲ್ಲ."

"ಮತ್ತೆ ಹೇಗೆ ಅಂದ್ಕೊಂಡಿದ್ರಿ?"

"ಇನ್ನೂ ಸ್ವಲ್ಪ ಕೋಪದ ಮೂಗು."

ಅವಳು ಸೂಪಿನ ಬಟ್ಟಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮನೆಗೆ ಹೋಗಿ ಕನ್ನಡಿ ನೋಡಿಕೊಂಡಾಗಲೂ ನಗು ಬಂತು. ಆ ಮನೆಯಲ್ಲಿ ನಗಲು ಅವಳೊಬ್ಬಳೇ. ತಾಯಿ ಬೇರೆ ಸಂಸಾರ ಹೂಡಿ ದೂರ ಹೋಗಿ ಬಹಳ ಕಾಲವಾಗಿತ್ತು. ತಂದೆ ಕಬ್ಬಿಣದ ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆಯವನು. ಸರೋವರ ಹೆಪ್ಪುಗಟ್ಟಿದ ಮೇಲೆ ಮನೆಗೆ ಬಂದು, ಮಂಜುಗಡ್ಡೆ ಒಡೆಯುತ್ತಲೇ ಹೊರಟುಬಿಡುತ್ತಿದ್ದ. ಉಳಿದ ತಿಂಗಳುಗಳಲ್ಲಿ ಸಂಜೆ ಬಾಗಿಲು ಹಾಕಿದರೆ ಬೆಳಗಿನವರೆಗೆ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ.

ತಾನೂ ಡೆಂಟಲ್ ಕಾಲೇಜಿಗೆ ಹೋಗಬೇಕೆಂದಿರುವುದನ್ನು ಅವಳು ಸೈಲಸ್‌ಗೆ ಹೇಳಿದ್ದು ನವೆಂಬರಿನ ಮೊದಲ ಹಿಮ ಬಿದ್ದ ದಿನ. ಅವನು ಖುಷಿಯಾಗಿ, ನಿನ್ನ ಗ್ರೇಡ್ ಎಷ್ಟು ಎಂದು ಕೇಳಿದ. ಅವಳು ಹೇಳಿದಳು. ಅವನು ಕಾಫಿ ಕಲಕಿದ. ಕಲಕುವಂಥ ಸಕ್ಕರೆ ಅದರಲ್ಲಿರಲಿಲ್ಲ.

ಹದಿನೆಂಟಕ್ಕೆ ದೊಡ್ಡ ನಗರದ ಕಾಲೇಜಿಗೆ ಹೋಗಿದ್ದೆ ಎಂದು ಅವಳೇ ಬಿಡಿಸಿ ಹೇಳಿದಳು. ಯಾರ ಪರಿಚಯವೂ ಇರಲಿಲ್ಲ. ಮೊದಲು ಊಟಕ್ಕೆ ಹೋಗುವುದು ಬಿಟ್ಟಳು, ಆಮೇಲೆ ಕ್ಲಾಸಿಗೆ. ಹಾಸ್ಟೆಲ್ ಕೋಣೆಯಲ್ಲಿ ಪರದೆ ಎಳೆದು ಮಲಗಿರುತ್ತಿದ್ದಳು. ಎರಡು ವರ್ಷ ಹಾಗೇ ಹೋಯಿತು. ಫೋನ್ ಮಾಡಿದ ತಂದೆಗೆ ಎಲ್ಲ ಚೆನ್ನಾಗಿದೆ ಅಂದಳು. ಕೆಮಿಸ್ಟ್ರಿಯಲ್ಲಿ ಫೇಲಾದಳು. ಊರಿಗೆ ಮರಳಿ, ಹೇಗೋ ಪದವಿ ಮುಗಿಸಿ, ಈ ಆಸ್ಪತ್ರೆ ಸೇರಿದಳು. ಈಚೆಗೆ ಸಂಜೆ ತರಗತಿಯಲ್ಲಿ ಅದೇ ಕೆಮಿಸ್ಟ್ರಿಯನ್ನು ಮತ್ತೆ ಓದಿ ಒಳ್ಳೆಯ ಗ್ರೇಡ್ ತೆಗೆದಿದ್ದಳು. ಆದರೆ ಗ್ರೇಡುಗಳ ಸರಾಸರಿ ಅನ್ನುವುದಕ್ಕೆ ಮರೆವು ಕಡಿಮೆ.

ಯಾವ ಕಾಲೇಜಿಗೆ ಹಾಕುವುದು ಎಂಬುದನ್ನು ಬಿಡಿಸಿಕೊಟ್ಟವರು ಆಸ್ಪತ್ರೆಯ ಡಾಕ್ಟರ್ ಗ್ಯಾರಿಟಿ. ಅರವತ್ತು ದಾಟಿದ, ಸುತ್ತಿಬಳಸಿ ಮಾತಾಡಲು ಬಾರದ ಹೆಂಗಸು. ಬ್ರಿಟಾ ತಾನು ಹೆಸರು ಕೇಳಿದ್ದ ದೊಡ್ಡ ಕಾಲೇಜುಗಳನ್ನೆಲ್ಲ ಹೇಳಿದ್ದಳು. ಅವರು ಒಂದೊಂದನ್ನೇ ತಳ್ಳಿಹಾಕಿದರು. ಇದು ತನ್ನ ರಾಜ್ಯದವರನ್ನು ಬಿಟ್ಟರೆ ಹೆಚ್ಚಿನವರನ್ನು ತಗೊಳ್ಳೋದಿಲ್ಲ. ಇದಕ್ಕೆ ನಿನ್ನ ಗ್ರೇಡ್ ನೋಡಿದ ಮೇಲೆ ಮುಂದಿನ ಪುಟ ತಿರುಗಿಸೋ ಪುರುಸೊತ್ತಿಲ್ಲ. ನಮ್ಮ ರಾಜ್ಯದ್ದಕ್ಕೆ ಹಾಕು, ಸಿಗದಿದ್ದರೂ ಹಾಕು. ಉಳಿದವುಗಳಲ್ಲಿ ಬಡವರ ಆಸ್ಪತ್ರೆಯಲ್ಲಿ ದುಡಿದವರನ್ನು ಹುಡುಕುವ ಕಾಲೇಜುಗಳನ್ನು ಆರಿಸು.

"ಯಾವ ಕಾಲೇಜು ನಿಂಗೆ ಇಷ್ಟ ಅಂತ ಕೇಳ್ಕೋಬೇಡ. ಯಾವ ಕಾಲೇಜಿಗೆ ನಿನ್ನಂಥವಳು ಬೇಕು ಅಂತ ಕೇಳ್ಕೋ."

ಉಳಿದದ್ದು ಬೆರಳೆಣಿಕೆಯಷ್ಟು. ರಾಜ್ಯದ್ದು ಬಿಟ್ಟರೆ ಎಲ್ಲವೂ ದೂರ. ಅರಿಜೋನಾದ ಮರುಭೂಮಿಯಲ್ಲೊಂದು.

ಚಳಿಗಾಲವಿಡೀ ಸೈಲಸ್ ಅವಳಿಗೆ ಪ್ರವೇಶ ಪರೀಕ್ಷೆಯ ಪಾಠ ಹೇಳಿಕೊಟ್ಟ. ಅವಳು ಅವನಿಗೆ ಮೇಣದಲ್ಲಿ ಹಲ್ಲು ಕೆತ್ತುವುದನ್ನು ಕಲಿಸಿದಳು. ಅವನು ಕೆತ್ತಿದ ದವಡೆ ಹಲ್ಲು ಆಲೂಗಡ್ಡೆಯ ಹಾಗಿತ್ತು. ಆ ಹಲ್ಲಿನವರು ಗಂಜಿ ಕುಡಿದೇ ಬದುಕಬೇಕು ಎಂದಳು. ಫೆಬ್ರವರಿಯಲ್ಲಿ ಸರೋವರದ ಮಂಜುಗಡ್ಡೆಯ ಮೇಲೆ ನಡೆಯುವಾಗ ಅವನು ತನ್ನ ಕೈಗವಸು ಕಳಚಿ, ಅವಳದರೊಳಗೆ ಕೈ ತೂರಿಸಿದ. ಒಂದೇ ಗವಸಿನಲ್ಲಿ ಎರಡು ಕೈ. ದಡ ಬಂದ ಮೇಲೂ ಕೈ ತೆಗೆಯಲಿಲ್ಲ.

ಮೇ ತಿಂಗಳ ಕೊನೆಯಲ್ಲಿ, ಅರ್ಜಿ ಹಾಕಲು ಕೆಲವೇ ದಿನ ಉಳಿದಿರುವಾಗ, ಅವನು ಹಡಗುಕಾಲುವೆಯ ದಡದ ಬೆಂಚಿನ ಮೇಲೆ ಕೂತು ತನ್ನ ಯೋಚನೆ ಹೇಳಿದ. ಅವಳು ಆರಿಸಿದ ಕಾಲೇಜುಗಳಿಗೆಲ್ಲ ತಾನೂ ಅರ್ಜಿ ಹಾಕುತ್ತಾನಂತೆ. ಎಲ್ಲಿ ಸಿಕ್ಕಿದರೂ ಜೊತೆಗಿರಬಹುದಂತೆ.

ಬ್ರಿಟಾ ಅವನತ್ತ ತಿರುಗಿ ಕೂತಳು.

"ಹಾಕ್ಬೇಡ."

"ಯಾಕೆ?"

"ನಿನ್ನ ಅರ್ಜಿ, ನನ್ನ ಅರ್ಜಿ ಒಂದೇ ಮೇಜಿನ ಮೇಲೆ ಬಿದ್ರೆ ಅವರು ಯಾವುದನ್ನ ಎತ್ಕೋತಾರೆ? ನಮ್ಮ ರಾಜ್ಯದ್ದು ಸರಿ, ಅದು ಇಬ್ಬರಿಗೂ ಇದೆ. ಆದ್ರೆ ನಿಂಗೆ ಎಲ್ಲ ಕಡೆ ಬಾಗಿಲಿದೆ, ಸೈಲಸ್. ನಂಗಿರೋದು ಇವು ಮಾತ್ರ. ಜೊತೆಗೆ ಬರ್ತೀನಿ ಅಂತ ಹೇಳಿ ನನ್ನ ಸೀಟಲ್ಲೇ ಕೂತ್ಕೋಬೇಡ."

ತಾನು ಹಾಗೆ ಯೋಚಿಸಿಯೇ ಇರಲಿಲ್ಲ ಎಂದ. ಹಾಗಾದರೆ ನಿನಗೆ ಸಿಗುವವರೆಗೆ ನಾನು ಎಲ್ಲಿಗೂ ಹಾಕದೆ ಕಾಯುತ್ತೇನೆ ಎಂದ. ಅದು ಅವಳನ್ನು ಇನ್ನಷ್ಟು ನೋಯಿಸಿತು. ನಾಳೆ ನಿನ್ನ ಬದುಕು ಕೆಟ್ಟರೆ ಅದಕ್ಕೆ ನಾನು ಕಾರಣವಾಗಬೇಕೇ ಎಂದು ಕೇಳಿದಳು. ದನಿ ಏರಿಸದೆ ಕೇಳಿದ್ದಕ್ಕೋ ಏನೋ, ಅವನು ಎದ್ದು ಹೋದ. ಮುಂದಿನ ಶುಕ್ರವಾರ ಬರಲಿಲ್ಲ. ಪದವಿ ಮುಗಿಸಿ ಮಿನ್ಯಾಪೊಲಿಸ್‌ನ ತನ್ನ ಮನೆಗೆ ಹೋದನೆಂದು ಡಾಕ್ಟರ್ ಗ್ಯಾರಿಟಿ ಹೇಳಿದರು.

ಅವಳು ಒಬ್ಬಳೇ ಅರ್ಜಿ ಹಾಕಿದಳು. ಶರತ್ಕಾಲದಲ್ಲಿ ನಿರಾಕರಣೆಗಳು ಒಂದೊಂದಾಗಿ ಬಂದವು, ಎಲ್ಲವೂ ವಿನಯವಾಗಿ. ತಮ್ಮ ರಾಜ್ಯದ್ದೂ ಇಲ್ಲವೆಂದಿತು. ಶುಕ್ರವಾರಗಳಲ್ಲಿ ಬಾಗಿಲ ಸದ್ದಾದರೆ ಅವಳ ಕಣ್ಣು ತಾನಾಗಿ ಆ ಕಡೆ ಹೋಗುತ್ತಿತ್ತು. ಬೇರೆ ವಿದ್ಯಾರ್ಥಿ ಬಂದು ನಿಂತಿರುತ್ತಿದ್ದ, ಲೈಟಿಗೆ ಅಡ್ಡವಾಗಿ.

ಸಂದರ್ಶನಕ್ಕೆ ಕರೆದದ್ದು ಅರಿಜೋನಾ ಒಂದೇ. ಅಲ್ಲಿ ಕೂತಿದ್ದ ಪ್ರೊಫೆಸರು ಮೊದಲು ಕೇಳಿದ್ದೇ ಆ ಎರಡು ವರ್ಷಗಳ ಬಗ್ಗೆ. ಕಾಯಿಲೆಯಿತ್ತು ಎಂದು ಹೇಳಬಹುದಿತ್ತು. ಬ್ರಿಟಾ ಹೇಳಲಿಲ್ಲ.

"ಒಂಟಿಯಾಗಿದ್ದೆ. ಯಾರಿಗೂ ಹೇಳ್ಲಿಲ್ಲ. ನೋವಿದ್ರೂ ಬಾಯಿ ಮುಚ್ಕೊಂಡು ಬರೋರನ್ನ ದಿನಾ ನೋಡ್ತೀನಿ ನಾನು. ಅವರಿಗೆ ಬಾಯಿ ತೆಗೀರಿ ಅನ್ನೋದೇ ನನ್ನ ಕೆಲಸ."

ಪ್ರೊಫೆಸರು ತಲೆಯಾಡಿಸಿದರು. ಡಿಸೆಂಬರಿನಲ್ಲಿ ಉತ್ತರ ಬಂತು: ವೇಟಿಂಗ್ ಲಿಸ್ಟ್.

ಮತ್ತೊಂದು ಚಳಿಗಾಲ ಕಳೆಯಿತು. ತಂದೆ ಬಂದ, ಮೀನು ಹೊಗೆಯಲ್ಲಿ ಬೇಯಿಸಿದ, ಹೋದ. ಮರುವರ್ಷ ಜೂನ್ ಮುಗಿಯುವ ಹೊತ್ತಿಗೆ, ಭಾನುವಾರದ ಒಂದು ಬೆಳಿಗ್ಗೆ, ಸೀಟು ಖಾಲಿಯಾಗಿದೆ, ಬರುತ್ತೀರಾ ಎಂಬ ಇ-ಮೇಲ್ ಅವಳ ಕಣ್ಣಿಗೆ ಬಿತ್ತು. ಬ್ರಿಟಾ ಅಡುಗೆಮನೆಯಲ್ಲಿ ನಿಂತು ಮೂರು ಸಲ ಓದಿದಳು. ತಂದೆಗೆ ಫೋನ್ ಮಾಡಿದಳು. ಹಡಗು ಸರೋವರದ ನಡುವೆಲ್ಲೋ ಇತ್ತು, ಸಿಗ್ನಲ್ ಇರಲಿಲ್ಲ. ಡಾಕ್ಟರ್ ಗ್ಯಾರಿಟಿ ಚರ್ಚಿನಲ್ಲಿದ್ದರು. ಬದುಕಿನಲ್ಲೇ ದೊಡ್ಡ ಸುದ್ದಿ ಕೈಯಲ್ಲಿ, ಹೇಳಲು ಜನವಿಲ್ಲ. ಕೆಟ್ಟ ಸುದ್ದಿಗಿಂತ ಒಳ್ಳೆಯ ಸುದ್ದಿಯೇ ಮನುಷ್ಯನನ್ನು ಹೆಚ್ಚು ಒಂಟಿ ಮಾಡುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನ ನಂಬರು ಒತ್ತಿದಳು.

"ಸೈಲಸ್, ಸೀಟು ಸಿಕ್ತು."

ಆ ಕಡೆಯಿಂದ ಅವನು ಉಸಿರು ಬಿಟ್ಟಂತೆ, "ಎಲ್ಲಿ?" ಎಂದ.

"ಅರಿಜೋನಾ."

"ಅಲ್ಲಿಗೆ ನಾನು ಹಾಕ್ಲಿಲ್ಲ. ನಮ್ಮ ರಾಜ್ಯದ್ದು ಬಿಟ್ಟು ನಿನ್ನ ಒಂದಕ್ಕೂ ಹಾಕ್ಲಿಲ್ಲ. ಗೊತ್ತಿರ್ಲಿ ನಿಂಗೆ, ಅದು ಪೂರ್ತಿ ನಿಂದೇ ಸೀಟು."

ಅವಳಿಗೆ ಅಳು ಬಂದದ್ದು ಆಗ. ಮಧ್ಯಾಹ್ನದ ಹೊತ್ತಿಗೆ ಅವನು ಕಾರು ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ತನಗೆ ಮಿನ್ಯಾಪೊಲಿಸ್‌ನಲ್ಲೇ, ತಮ್ಮ ರಾಜ್ಯದ ಕಾಲೇಜಿನಲ್ಲಿ, ಸೀಟಾಗಿದೆ ಎಂದ. ಇಷ್ಟು ದಿನ ಫೋನ್ ಮಾಡದಿದ್ದದ್ದು ಕೋಪದಿಂದಲ್ಲ, ನಾಚಿಕೆಯಿಂದ ಎಂದ. ಬ್ರಿಟಾ ಅವನ ಕಾಲರು ಸರಿಮಾಡುತ್ತ, ಹಾಗೇ ಹಿಡಿದುಕೊಂಡಳು.

"ಅರ್ಜಿ ಹಾಕ್ಬೇಡ ಅಂದೆ. ಬಿಟ್ಟು ಹೋಗು ಅಂದಿರ್ಲಿಲ್ಲ."

"ನಂಗೆ ಎರಡೂ ಒಂದೇ ಥರ ಕೇಳಿಸ್ತು."

"ಇಷ್ಟು ಓದಿದೀಯ, ಇದೊಂದು ಅರ್ಥ ಆಗ್ಲಿಲ್ವಾ?"

"ಇಲ್ಲ. ನಿನ್ನ ಪ್ರೀತಿಸ್ತೀನಿ ಅನ್ನೋದು ಮಾತ್ರ ಅರ್ಥ ಆಯ್ತು. ಅದೂ ಇಲ್ಲಿಂದ ಹೋದ ಮೇಲೆ."

ಅವಳು ಅವನ ಎದೆಗೆ ಹಣೆ ಒತ್ತಿ ನಿಂತಳು. ನಂಗೂ ಅಷ್ಟೇ ಎಂದದ್ದು ಅವನ ಅಂಗಿಗೆ ಕೇಳಿಸಿತು, ಅವನಿಗೂ.

ಉಳಿದದ್ದು ಕೆಲವು ವಾರ. ಹೊರಡುವ ದಿನ ಅವನು ಬಸ್ಸಿನಲ್ಲಿ ಬಂದು, ಅವಳ ಹಳೇ ಕಾರಿನಲ್ಲಿ ಗಂಟುಮೂಟೆಗಳ ನಡುವೆ ಜಾಗ ಮಾಡಿಕೊಂಡು ಕೂತ. ದಾರಿ ಹೇಗೂ ಅವನ ಊರಿನ ಮೇಲೇ ಹೋಗುತ್ತಿತ್ತು. ಮಿನ್ಯಾಪೊಲಿಸ್‌ನಲ್ಲಿ ಅವನ ಬೀದಿಯ ತಿರುವಿನಲ್ಲಿ ಅವಳು ಕಾರು ನಿಲ್ಲಿಸಿದಳು. ಇಳಿ ಎಂದಳು. ಇಳಿಯುತ್ತೇನೆ ಎಂದ. ಕೊನೆಗೆ ಅವನು ಇಳಿದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ಅಯೋವಾ ರಾಜ್ಯದಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಸಂಜೆಯಾಗುತ್ತಿತ್ತು. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ, ಕಣ್ಣು ಹಾಯುವವರೆಗೆ. ಮನುಷ್ಯರ ದನಿ ಒಂದೂ ಇಲ್ಲ. ಬ್ರಿಟಾ ಸೈಲಸ್‌ಗೆ ಫೋನ್ ಮಾಡಿದಳು.

"ಎಲ್ಲಿದೀಯ?" ಎಂದ ಅವನು. "ಎಲ್ಲಾ ಚೆನ್ನಾಗಿದೆಯಾ?"

ಹೌದು ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ," ಎಂದಳು. "ತುಂಬಾ ಒಂಟಿ ಅನಿಸ್ತಿದೆ."

"ಹೇಳು," ಎಂದ ಅವನು. ಅವನ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಅವಳು ಕಾರಿನ ಬಾನೆಟ್ಟಿಗೆ ಒರಗಿ ಹೇಳತೊಡಗಿದಳು.