ಚಾಗಲೆಯ ರೇಷ್ಮೆ ಚರ್ಮ

ಬಹಳ ಹಿಂದೆ, ನಕ್ಷೆ ಬರೆಯುವವರೂ ಹೋಗಲು ಅಂಜುತ್ತಿದ್ದ ದಿಕ್ಕಿನಲ್ಲಿ, ಪಟ್ಟೆಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಮಾತಾಡುವ ಮೀನುಗಳಿದ್ದವು, ನಡೆದಾಡುವ ಮರಗಳಿದ್ದವು. ಅವಕ್ಕೆ ಜನ ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಉರಿಗೂಳಿಗೆ. ಅದು ಯಾರ ಗೂಳಿಯೋ ಯಾರಿಗೂ ಗೊತ್ತಿರಲಿಲ್ಲ. ಅದು ಉಸಿರು ಬಿಟ್ಟರೆ ಮೈ ಸುಡುತ್ತಿತ್ತು. ಸುಟ್ಟ ಗಾಯ ಮಾಯುತ್ತಿರಲಿಲ್ಲ.

ಆ ರಾಜ್ಯದಲ್ಲಿ ಚಾಗಲೆ ಎಂಬ ನೂಲುಗಾರ್ತಿ ಇದ್ದಳು. ಗಂಡ ಸತ್ತಿದ್ದ, ಅತ್ತೆ ಕಾಳವ್ವೆ, ಏಳು ವರ್ಷದ ಮಗಳು ಹೊನ್ನಿ, ಇಷ್ಟೇ ಸಂಸಾರ. ಚಾಗಲೆ ರೇಷ್ಮೆ ನೂಲಿನಿಂದ ಒಂದು ಜಾಲರಿ ನೇಯ್ದಳು. ಸುಟ್ಟ ಗಾಯದ ಮೇಲೆ ಅದನ್ನು ಹೊದಿಸಿದರೆ, ಚಪ್ಪರಕ್ಕೆ ಹೀರೆಬಳ್ಳಿ ಹಬ್ಬುವಂತೆ ಹೊಸ ಚರ್ಮ ಹಬ್ಬುತ್ತಿತ್ತು. ಹಬ್ಬಿ ಮುಗಿದ ಮೇಲೆ ಜಾಲರಿ ತಾನಾಗಿ ಕರಗಿ ಹೋಗುತ್ತಿತ್ತು.

ಪಟ್ಟೆಗೆರೆಯಲ್ಲಿ ಒಂದು ಕಟ್ಟಳೆಯಿತ್ತು. ಹೊಸದನ್ನು ಕಂಡುಹಿಡಿದವರಿಗೆ ರಾಣಿ ತಾಮ್ರಪಟ ಕೊಡುತ್ತಿದ್ದಳು. ಹನ್ನೆರಡು ವರ್ಷ ಅವರ ಅಪ್ಪಣೆಯಿಲ್ಲದೆ ಬೇರೆ ಯಾರೂ ಆ ಕೆಲಸ ಮಾಡುವಂತಿಲ್ಲ. ಬದಲಿಗೆ ಅವರು ಮಾಡುವ ಬಗೆಯನ್ನು ಒಂದೂ ಬಿಡದೆ ಹೇಳಬೇಕು. ಅದನ್ನು ಊರಬಾಗಿಲ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಮುಚ್ಚಿಟ್ಟದ್ದು ಗೊತ್ತಾದರೆ ಪಟ ಒಡೆದು, ಕೆಲಸ ಎಲ್ಲರ ಪಾಲು.

"ಪೂರಾ ಹೇಳ್ಬೇಡ ಕಣೇ," ಅಂದಿದ್ದಳು ಕಾಳವ್ವೆ. "ಯಾವ ಗುರು ತಾನೆ ಕೊನೇ ಪಟ್ಟು ಕಲಿಸ್ತಾನೆ? ಎಲ್ಲಾ ಉಗುಳಿಬಿಟ್ಟರೆ ನಾಳೆ ನಮ್ಮ ಬಾಗಿಲು ಯಾರು ತಟ್ತಾರೆ?"

ಪಟ ಪಡೆಯುವಾಗ ಚಾಗಲೆ ಒಂದನ್ನು ಮುಚ್ಚಿಟ್ಟಳು. ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ.

ಹೀಗಿರುವಾಗ ಉರಿಗೂಳಿ ಹೊನ್ನಿಯ ಬೆನ್ನು ಸುಟ್ಟಿತು. ಗಾಯ ಆಳವಾಗಿತ್ತು. ಒಂದು ಜಾಲರಿ ಸಾಲದು. ಮೊದಲನೆಯದು ಕರಗುವ ಹೊತ್ತಿಗೆ, ಅಂದರೆ ಮೂರನೆಯ ದಿನ ಸೂರ್ಯ ಮುಳುಗುವುದರೊಳಗೆ, ಎರಡನೆಯದು ಬೀಳಬೇಕು. ಇಲ್ಲವಾದರೆ ಮಗು ಉಳಿಯುವುದಿಲ್ಲ.

ಮೊದಲ ಜಾಲರಿ ಹೊದಿಸಿ ಚಾಗಲೆ ಕೈ ತೊಳೆಯುತ್ತಿದ್ದಳು. ಆಗಲೇ ಕರ್ಪರನೆಂಬ ಮಾಯಾವಿ ಅರಮನೆಗೆ ಬಂದು, "ಜಾಲರಿ ನನ್ನ ವಿದ್ಯೆ, ಆಕೆ ಕದ್ದಳು," ಅಂದ. ಕಟ್ಟಳೆ ಕಟ್ಟಳೆಯೇ. ತೀರ್ಪಾಗುವವರೆಗೆ ಯಾರೂ ಜಾಲರಿ ಹೊದಿಸುವಂತಿಲ್ಲ. ಭಟರು ಬಂದು ಅವಳ ಮಗ್ಗಕ್ಕೂ, ಎರಡನೆಯ ಜಾಲರಿಯಿದ್ದ ಪೆಟ್ಟಿಗೆಗೂ ಅರಗಿನ ಮುದ್ರೆ ಒತ್ತಿದರು. ರಾಣಿ ಲಚ್ಚಲದೇವಿ ಮೂರು ದಿನ ಮೂರು ಪರೀಕ್ಷೆ ಎಂದಳು.

ಮೊದಲ ದಿನ ನೇಯುವ ಪರೀಕ್ಷೆ. ಚಾಗಲೆ ಅರಮನೆಯ ಮಗ್ಗದಲ್ಲಿ ಬೆಳಗಿನಿಂದ ಬೈಗಿನವರೆಗೆ ನೇಯ್ದಳು. ಕರ್ಪರ ಅಂಗೈಗೆ ಊದಿದ. ಅಂಥದೇ ಜಾಲರಿ ಉದುರಿತು. ಇಬ್ಬರೂ ಸಮ ಎಂದಳು ರಾಣಿ. ಕರ್ಪರ ಒಂದು ಗೇಣು ಎತ್ತರವಾದ.

ಎರಡನೆಯ ದಿನ ಬೆಳೆಸುವ ಪರೀಕ್ಷೆ. ಸುಟ್ಟ ಗಾಯದ ಎರಡು ಆಡು ತಂದರು. ಮಧ್ಯಾಹ್ನದೊಳಗೆ ಎರಡಕ್ಕೂ ಚರ್ಮ ಬಂತು. ಕರ್ಪರನ ಚರ್ಮ ನಯವಾಗಿತ್ತು, ಆದರೆ ಬಾಗಿದರೆ ಬಿರಿಯುವಂಥದು. ಚಾಗಲೆಗೆ ಅದು ನೋಡಿದ ಕೂಡಲೇ ಗೊತ್ತಾಯಿತು. ಹೇಳಲು ಬಾಯಿ ತೆರೆದಳು. ಯಾಕೆ ಬಿರಿಯುತ್ತದೆ ಎಂದು ಕೇಳಿದರೆ? ಬಾಯಿ ಮುಚ್ಚಿದಳು. ಇಬ್ಬರೂ ಸಮ ಎಂದಳು ರಾಣಿ. ಕರ್ಪರ ಇನ್ನೊಂದು ಗೇಣು ಎತ್ತರವಾದ.

ಹೊರಡುವಾಗ ಅವನು ಅವಳ ಕಿವಿಯ ಹತ್ತಿರ ಬಗ್ಗಿದ. "ಮುಚ್ಚಿಟ್ಟಿರು ತಂಗಿ, ಮುಚ್ಚಿಟ್ಟಿರು. ಜನ ಬಚ್ಚಿಟ್ಟದ್ದೇ ನನಗೆ ಊಟ. ಗೂಳಿ ನಂದೇ ಅಂತ ಗೊತ್ತಾಯ್ತಾ? ನಾಳೆಯಿಂದ ಸುಡೋದೂ ನಾನೇ, ಮಾಯಿಸೋದೂ ನಾನೇ. ಊರಿಗೂರೇ ನನ್ನ ಗುಹೆ ಮುಂದೆ ಮಂಡಿಯೂರ್ತದೆ."

ಮನೆಗೆ ಬಂದರೆ ಹೊನ್ನಿಯ ಬೆನ್ನಿನ ಜಾಲರಿ ಅಂಚಿನಲ್ಲಿ ಕರಗತೊಡಗಿತ್ತು.

"ಅವ್ವಾ, ನವೆ," ಅಂದಳು ಮಗು.

"ಕೆರೀಬೇಡ ಚಿನ್ನಾ."

"ಎರಡನೇದು ಯಾವಾಗ?"

ಚಾಗಲೆ ಸೊಸೆಯ ಸಂಕೋಚ ಮರೆತು ಅತ್ತೆಯನ್ನು ದುರುಗುಟ್ಟಿ ನೋಡಿದಳು. ಕಾಳವ್ವೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನನ್ನ ನಾಲಿಗೆ ಅವತ್ತೇ ಸೇದಿ ಹೋಗಬಾರದಿತ್ತಾ," ಅಂದಳು.

ಮೂರನೆಯ ದಿನ ಹೇಳುವ ಪರೀಕ್ಷೆ. ಸಭೆ ಊರಬಾಗಿಲಲ್ಲೇ ಕೂಡಿತು. ಕಾಳವ್ವೆ ಮಗುವನ್ನು ಚಾಪೆಯಲ್ಲಿ ಮಲಗಿಸಿ ಹೊರಿಸಿ ತಂದಳು. ರಾತ್ರೋರಾತ್ರಿ ತಾಳೆಮರದಷ್ಟು ಬೆಳೆದಿದ್ದ ಕರ್ಪರ ಕಲ್ಲಿನಲ್ಲಿ ಇದ್ದದ್ದನ್ನು ಗಿಳಿಯಂತೆ ಒಪ್ಪಿಸಿದ: "ಒಳ್ಳೆಯ ಗೂಡು ಆರಿಸಿ, ಬೂದಿನೀರಿನಲ್ಲಿ ಕುದಿಸಿ, ಅಂಟು ತೊಳೆದು, ನೂಲು ತೆಗೆದು, ಕೂದಲೆಳೆ ಸಂದು ಬಿಟ್ಟು ನೇಯಬೇಕು."

ರಾಣಿ ಚಾಗಲೆಯ ಕಡೆ ತಿರುಗಿದಳು. "ಇದನ್ನು ಓದು ಬರುವವರೆಲ್ಲ ಹೇಳಬಹುದು. ಇದರಾಚೆ ಏನಾದರೂ ಇದೆಯೇನಮ್ಮಾ?"

ಸೂರ್ಯ ಕೋಟೆಗೋಡೆಗೆ ಇಳಿದಿದ್ದ. ಇದೆ ಎಂದರೆ ಪಟ ಹೋಯಿತು, ಮಾನ ಹೋಯಿತು. ಇಲ್ಲ ಎಂದರೆ ಇಬ್ಬರೂ ಸಮ, ವ್ಯಾಜ್ಯ ನಾಳೆಗೆ. ಮಗುವಿಗೆ ನಾಳೆ ಇಲ್ಲ. ಚಾಪೆಯ ಮೇಲೆ ಹೊನ್ನಿ ನರಳಿದಳು.

"ಇದೆ, ತಾಯೀ," ಅಂದಳು ಚಾಗಲೆ. "ಕಲ್ಲಿನಲ್ಲಿರೋದು ಸುಳ್ಳು. ನಾನೇ ಬರೆಸಿದ ಸುಳ್ಳು. ಒಳ್ಳೆಯ ಗೂಡು ಬೇಡ. ಚಿಟ್ಟೆ ತೂತು ಕೊರೆದು ಹಾರಿಹೋದ ಗೂಡು ಬೇಕು. ಎಳೆ ತುಂಡಾಗಿದೆ ಅಂತ ನಾವೆಲ್ಲ ತಿಪ್ಪೆಗೆ ಎಸೀತೀವಲ್ಲ, ಅದು. ಅದನ್ನ ಹತ್ತಿಯ ಹಾಗೆ ಹಿಂಜಿ ನೂತರೆ ನೂಲು ಒರಟಾಗ್ತದೆ. ಒರಟಿದ್ದರೇನೇ ಚರ್ಮ ಹಿಡಕೊಳ್ಳೋದು. ನುಣುಪು ನೂಲಿನ ಮೇಲೆ ಬೆಳೆದದ್ದು ಬಾಗಿದರೆ ಬಿರೀತದೆ. ಅವನ ಆಡನ್ನ ನಡೆಸಿ ನೋಡಿ. ಇನ್ನೊಂದು, ಉರಿಗೂಳಿ ಇವನದೇ. ಜನ ಬಚ್ಚಿಟ್ಟದ್ದೇ ಇವನಿಗೆ ಊಟ. ನಿನ್ನೆಯೇ ಹೇಳಿದ್ದ, ಹೆದರಿ ಅದನ್ನೂ ಮುಚ್ಚಿಟ್ಟೆ."

ಭಟನೊಬ್ಬ ಗೂಟಕ್ಕೆ ಬಿಗಿದಿದ್ದ ಕರ್ಪರನ ಆಡನ್ನು ಬಿಚ್ಚಿ ಸೊಪ್ಪು ತೋರಿಸಿದ. ಅದು ಕತ್ತು ಬಗ್ಗಿಸಿತು. ಬೆನ್ನಿನ ಚರ್ಮ ಹಪ್ಪಳದ ಹಾಗೆ ಬಿರಿಯಿತು.

ಕರ್ಪರ ಕಿರುಚಿದ. ಅವನು ತಾಳೆಮರದಿಂದ ಆಳಾದ, ಆಳಿನಿಂದ ಬೆರಳಾದ. ಕಾಳವ್ವೆ ಬುಟ್ಟಿ ಹಿಡಿದು ಅವನ ಮೇಲೆ ಕವುಚಲು ಓಡಿದಳು.

"ಮುಚ್ಚಬೇಡಿ ಅಜ್ಜೀ!" ಕೂಗಿದಳು ರಾಣಿ. "ಮುಚ್ಚಿದಷ್ಟೂ ಬೆಳೀತಾನೆ!"

ಬಯಲಲ್ಲಿ, ಎಲ್ಲರ ಕಣ್ಣೆದುರಿಗೆ, ಅವನು ಸಾಸಿವೆಯಷ್ಟಾಗಿ ಗಾಳಿಗೆ ಹಾರಿಹೋದ. ದೂರದ ಗುಡ್ಡದಲ್ಲಿ ಉರಿಗೂಳಿಯ ಉಸಿರು ಆರಿತು. ಅದು ಪೆಚ್ಚಾಗಿ ಹುಲ್ಲು ಮೇಯತೊಡಗಿತು.

ರಾಣಿ ತಾಮ್ರಪಟವನ್ನು ಕಲ್ಲಿಗೆ ಬಡಿದು ಎರಡು ತುಂಡು ಮಾಡಿದಳು. "ಇನ್ನು ಇದು ಎಲ್ಲರದು. ಯಾರು ಬೇಕಾದರೂ ಹೊದಿಸಬಹುದು. ನಿಂತುಕೊಂಡು ನೋಡ್ತೀಯಲ್ಲ, ಮೊದಲು ನೀನು ಹೊದಿಸಮ್ಮ!"

ಭಟರು ಸಭೆಗೆ ತಂದಿಟ್ಟಿದ್ದ ಪೆಟ್ಟಿಗೆಯ ಅರಗನ್ನು ಹಲ್ಲಿನಿಂದಲೇ ಕಿತ್ತರು. ಕೊನೆಯ ಕಿರಣ ಕೋಟೆ ದಾಟುವ ಮುಂಚೆ ಎರಡನೆಯ ಜಾಲರಿ ಹೊನ್ನಿಯ ಬೆನ್ನಿಗೆ ಬಿತ್ತು.

ಮುಂದೆ ಪಟ್ಟೆಗೆರೆಯ ಮನೆಮನೆಯಲ್ಲೂ ಜಾಲರಿ ನೇಯ್ದರು. ಹಳೆಯ ಗಾಯಗಳೆಲ್ಲ ಮಾಯ್ದವು, ಎಲ್ಲರೂ ಸುಖವಾಗಿದ್ದರು. ಚಾಗಲೆಯ ಬಾಗಿಲು ಯಾರೂ ತಟ್ಟಲಿಲ್ಲ ಎಂದುಕೊಂಡಿರಾ? ತಟ್ಟಿದರು: ನಮ್ಮ ಜಾಲರಿ ಯಾಕೆ ಸೊಟ್ಟಗಾಯಿತು ಎಂದು ಕೇಳಲು, ದಿನಕ್ಕೆ ಹತ್ತು ಸಲ. ಅವಳು ಬೈಯುತ್ತ ಬಿಚ್ಚಿ ಮತ್ತೆ ನೇಯ್ದು ತೋರಿಸುತ್ತಿದ್ದಳು. ಹೊನ್ನಿ ಅಂಗಳದಲ್ಲಿ ಲಾಗ ಹಾಕುತ್ತಿದ್ದಳು. ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು, ಬಿರಿಯುತ್ತಿರಲಿಲ್ಲ.