ಕತ್ತಲಲ್ಲಿ ಕೂತು ನೋಡುವ ಹೂವು

ಕೃಷ್ಣಮ್ಮನವರು ಬೆಳಗುವ ಹೂಗಳನ್ನೆಲ್ಲ ಕಿತ್ತು ದೇವರಿಗೆ ಮುಡಿಸಿಬಿಟ್ಟಿದ್ದರು.

"ಬಿಳೀ ಹೂವು, ನಮ್ಮನೇಲೇ ಬಿಟ್ಟೈತೆ. ಕೀಳ್ದೆ ಇನ್ನೇನ್ ಮಾಡ್ಲಿ?" ಎಂದರು, ಅಲ್ಲಾಳಸಂದ್ರದ ತಮ್ಮ ಹೊಸ ಮನೆಯ ಬಾಗಿಲಲ್ಲೇ ನಿಂತು.

ನಾನು ಆ ಮನೆಯ ಇಂಟೀರಿಯರ್ ಡಿಸೈನರ್. ಮೊಮ್ಮಕ್ಕಳಿಗಾಗಿ ಮಾಡಿಸಿದ ಹೋಮ್ ಥಿಯೇಟರಿನ ಮೆಟ್ಟಿಲುಗಳಿಗೆ ಎಲ್‌ಇಡಿ ಬೇಡ, ಕತ್ತಲಲ್ಲಿ ತಾವಾಗಿ ಬೆಳಗುವ ಪೆಟೂನಿಯಾ ಹೂವಿನ ಕುಂಡಗಳನ್ನು ಇಡೋಣ ಎಂದವಳೂ ನಾನೇ. ಇವತ್ತು ಕೃಷ್ಣಮ್ಮ ಒಪ್ಪಿದರೆ ಕೆಲಸ ಮುಗಿಯುತ್ತದೆ. ಒಪ್ಪದಿದ್ದರೂ ಮುಗಿಯುತ್ತದೆ. ಎರಡರಲ್ಲಿ ಯಾವುದಾದರೂ, ಹೆಸರಘಟ್ಟದಲ್ಲಿ ಈ ಗಿಡ ಬೆಳೆಸುವ ವೇಣುಗೋಪಾಲ್ ನಾಳೆಯಿಂದ ನನಗೆ ಫೋನ್ ಮಾಡಲು ಕಾರಣವಿರುವುದಿಲ್ಲ. ಹೂವು ಹೋದದ್ದಕ್ಕಿಂತ ಈ ಯೋಚನೆಯೇ ನನ್ನನ್ನು ಹೆಚ್ಚು ಕೊರೆಯುತ್ತಿತ್ತು.

ವೇಣು ಬಂದವರೇ ಕುಂಡಗಳನ್ನು ನೋಡಿದರು. ಆಮೇಲೆ ನನ್ನನ್ನು. ಅವರ ನಗು ಮೊದಲು ಕಣ್ಣಿಗೆ ಬರುತ್ತದೆ, ತುಟಿಗೆ ನಿಧಾನ. ನಾನು ತಕ್ಷಣ ಟೇಪು ಬಿಚ್ಚಿ, ಅಳತೆ ಮಾಡಿ ಮುಗಿದಿದ್ದ ಕಿಟಕಿಯನ್ನು ಮತ್ತೆ ಅಳೆಯತೊಡಗಿದೆ.

"ಶಾಂತಲಾ ಅವ್ರೇ, ಹೂವಿಗಿಂತ ಮುಂಚೆ ನೀವೇ ಬಾಡಿದ್ದೀರಲ್ಲ!"

"ಹೂವೇ ಇಲ್ಲ, ಏನ್ ತೋರಿಸ್ತೀರಿ?"

"ಮೊಗ್ಗಿದೆ. ಮೊಗ್ಗೇ ಜಾಸ್ತಿ ಬೆಳಗೋದು. ಸ್ವಲ್ಪ ಉಸಿರಾಡಿ."

"ಅಗಲೆಲ್ಲ ಬಿಸ್ಲಿಗೆ ಇಡ್ಬೇಕು, ಸಂಜೆ ಒಳಕ್ಕೆ ತರ್ಬೇಕು ಅಂತೀರಾ," ಎಂದರು ಕೃಷ್ಣಮ್ಮ. "ಮೊದ್ಲು ನಮ್ಮನೇಲಿ ಎಮ್ಮೆಗಳಿದ್ವು. ಈಗ ಇವು."

ದೇವರ ತಟ್ಟೆಯಲ್ಲಿ ಒಂದು ಹೂವು ಉಳಿದಿತ್ತು. ಕೃಷ್ಣಮ್ಮ ಅದನ್ನು ತಂದು, "ಬೋಳು ತಲೇಲಿ ನಿಂತಿದೀಯ, ತಿರುಗು," ಎಂದು ನನ್ನ ಜಡೆಗೆ ಸಿಕ್ಕಿಸಿದರು.

ಥಿಯೇಟರಿನ ಮುಂದಿನ ಸಾಲಿನಲ್ಲಿ ಕೃಷ್ಣಮ್ಮ, ಪಕ್ಕದಲ್ಲಿ ನಾನು. ವೇಣು ಹಿಂದೆ, ಮೇಲಿನ ಸಾಲಿನಲ್ಲಿ, ಸ್ವಿಚ್ಚಿನ ಬಳಿ ಕೂತರು. ಲೈಟ್ ಆರಿತು.

"ಏನೂ ಕಾಣಲ್ವಲ್ಲಮ್ಮ! ಇಂಗೆ ಕತ್ಲಲ್ಲಿ ಕೂರಕ್ಕಾ ನಾನು ಮನೆ ಕಟ್ಸಿದ್ದು?"

"ಕಣ್ಣು ಹೊಂದ್ಕೋಬೇಕು ಅಮ್ಮ," ವೇಣುವಿನ ದನಿ ಹಿಂದಿನಿಂದ ಬಂತು. "ಆತುರ ಮಾಡಿದ್ರೆ ಇದು ಕಾಣಲ್ಲ."

ಆ ದನಿಯ ಕಡೆ ತಿರುಗಿದೆ. ಬರೀ ಕತ್ತಲು. ಆದರೆ ಕತ್ತಲಲ್ಲಿ ನನಗೊಂದು ಧೈರ್ಯ. ಬೆಳಕಿನಲ್ಲಿ ಅವರನ್ನು ನೋಡಬೇಕೆಂದರೆ ಮೊದಲು ಸುತ್ತ ಯಾರಿದ್ದಾರೆಂದು ನೋಡುವವಳು ನಾನು. ಇಲ್ಲಿ ಆ ಭಯವಿಲ್ಲ. ಕೃಷ್ಣಮ್ಮ ಗೊಣಗಿದಾಗಲೆಲ್ಲ ಮುಂದೆ ತಿರುಗುತ್ತಿದ್ದೆ, ಮತ್ತೆ ಹಿಂದೆ.

ನಿಧಾನವಾಗಿ ಸಾಲುಗಳ ಪಕ್ಕದ ಮೆಟ್ಟಿಲುಗಳು ಮೂಡಿದವು. ಮೊಗ್ಗುಗಳ ತುದಿಯಲ್ಲಿ ಎಳೆ ಹಸಿರು ಬೆಳಕು, ಹಾಲಿಗೆ ಬೆಳದಿಂಗಳು ಬೆರೆಸಿದ ಹಾಗೆ.

"ಅಯ್ಯೋ ಶಿವ್ನೇ!" ಕೃಷ್ಣಮ್ಮನ ದನಿ ಪಿಸುಮಾತಾಯಿತು. "ಗಿಡಕ್ಕೆ ಮಿಣುಕುಹುಳ ಅಂಟ್ಕೊಂಡಂಗೈತೆ. ಇರ್ಲಿ, ಇಲ್ಲೇ ಇರ್ಲಿ. ದೇವ್ರಿಗೆ ಬೇರೆ ಹೂವು ತರಿಸ್ತೀನಿ."

ವೇಣು ಲೈಟ್ ಹಾಕಿದರು. ಕೃಷ್ಣಮ್ಮ ಕಾಫಿ ಮಾಡಿಸಲು ಕೆಳಗೆ ಹೋದರು. ಕೆಲಸ ಮುಗಿದಿತ್ತು. ನಾನು ಬ್ಯಾಗಿನ ಜಿಪ್ಪು ಎಳೆದೆ, ತೆಗೆದೆ, ಮತ್ತೆ ಎಳೆದೆ.

"ಒಂದ್ ವಿಷ್ಯ ಹೇಳ್ಲಾ?" ವೇಣು ಮೆಟ್ಟಿಲಿಳಿದು ಬಂದರು. "ನಿಮ್ಮ ಜಡೇಲಿರೋ ಹೂವೂ ಬೆಳಗ್ತಿತ್ತು."

ಕೈ ಜಡೆಗೆ ಹೋಯಿತು. "ಅದಕ್ಕೇನೀಗ?"

"ನೀವು ಮುಂದೆ ನೋಡ್ತಿದ್ರೆ ನನಗೆ ಹೂವು ಕಾಣ್ತಿತ್ತು. ನನ್ ಕಡೆ ತಿರುಗಿದ್ರೆ ಮಾಯ."

"ಎಷ್ಟು ಸಲ ಮಾಯವಾಯ್ತು?"

"ಲೆಕ್ಕ ಇಡ್ಲಿಲ್ಲ ಕಣ್ರೀ. ಜಾಸ್ತಿ ಹೊತ್ತು ಕತ್ತಲೇ ಇತ್ತು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮಣ್ಣು ಮೆತ್ತಿದ ಉಗುರನ್ನು ಮತ್ತೊಂದು ಉಗುರಿನಿಂದ ಕೆರೆಯುತ್ತ ನಿಂತರು. ಭಯ ಇರುವುದು ನನಗೊಬ್ಬಳಿಗೇ ಅಲ್ಲ ಎಂದು ಆಗ ತಿಳಿಯಿತು.

"ಈ ಗಿಡಕ್ಕೋಸ್ಕರ ಇಷ್ಟೊಂದು ಸಲ ಫೋನ್ ಮಾಡೋ ಅಗತ್ಯವೇ ಇರ್ಲಿಲ್ಲ," ಎಂದರು. "ನಿಮ್ ದನಿ ಕೇಳ್ಬೇಕಿತ್ತು. ಇನ್ಮೇಲೂ ಕೇಳ್ಬೇಕು. ದಿನಾ."

ಮಾತನ್ನು ತೂಗಿ ಆಡುವವಳು ನಾನು. ತೂಗಲು ಹೋದೆ, ಬೇಡವೆನಿಸಿತು.

"ಗಿಡದ ನೆಪ ಬಿಟ್ಟು ಮಾಡಿ," ಎಂದೆ. "ಇವತ್ತೇ ಮಾಡಿ."

ಕೋಣೆಯ ಲೈಟೆಲ್ಲ ಉರಿಯುತ್ತಿತ್ತು, ಕೆಳಗಿನಿಂದ ಕೃಷ್ಣಮ್ಮ ಕಾಫಿಗೆ ಕೂಗುತ್ತಿದ್ದರು. ನಾನು ವೇಣುವಿನಿಂದ ಮುಖ ತಿರುಗಿಸಲಿಲ್ಲ.