ಇಸ್ತ್ರಿಪೆಟ್ಟಿಗೆಯ ಕೆಳಗಿನ ಮಸಿ

ಮಧ್ಯಾಹ್ನ ಮೂರಕ್ಕೆ ಠಾಣೆಗೆ ಬಂದ ಸಿದ್ಧ ಉಡುಪು ಕಾರ್ಖಾನೆಯ ಮಾಲೀಕನ ಅಂಗಿಯೆಲ್ಲ ಹೊಗೆಯ ವಾಸನೆ. ಬಾಯಲ್ಲಿ ಮಾತ್ರ ದೂರು ಅಚ್ಚುಕಟ್ಟಾಗಿತ್ತು. ಊಟದ ಬಿಡುವಿನಲ್ಲಿ ಇಸ್ತ್ರಿ ಕೋಣೆಗೆ ಬೆಂಕಿ ಬಿದ್ದಿದೆ, ಮುದುಕ ಕಾವಲುಗಾರ ಹೊಗೆ ಕುಡಿದು ಸತ್ತಿದ್ದಾನೆ, ಇಸ್ತ್ರಿ ಮಾಡುವ ಹೆಂಗಸೊಬ್ಬಳು ತನ್ನ ಪೆಟ್ಟಿಗೆ ಆರಿಸದೆ ಹೋದದ್ದೇ ಇದಕ್ಕೆಲ್ಲ ಕಾರಣ. ಜೊತೆಗೆ ಬಂದಿದ್ದ, ಕಾರ್ಖಾನೆಗೆ ವೈರಿಂಗ್ ಮಾಡಿದ್ದ ಮೇಸ್ತ್ರಿ ಹೌದೆಂದು ತಲೆಯಾಡಿಸಿದ.

"ನೀವು ನೋಡಿದ್ರಾ?" ಇನ್ಸ್‌ಪೆಕ್ಟರ್ ಅವನನ್ನೇ ಕೇಳಿದಳು.

"ಅವಳ ಪೆಟ್ಟಿಗೆ ಮೇಜಿನ ಮೇಲೆ ಮಕಾಡೆ ಬಿದ್ದಿದೆ ಮೇಡಂ. ಸ್ವಿಚ್ಚೂ ಆನ್ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ, ಆ ಹೆಂಗಸು. ಅವಳಾದರೋ ಆಸ್ಪತ್ರೆಯಲ್ಲಿದ್ದಳು. ಹೊಗೆಯೊಳಗೆ ನುಗ್ಗಿ ಕಾವಲುಗಾರನನ್ನು ಹೊರಗೆಳೆಯುವಾಗ ಅವಳ ಎರಡೂ ಕೈ ಸುಟ್ಟಿದ್ದವು. ಓಡಿಹೋದವರು ಸಾಕ್ಷಿಗಳಾದರು, ಒಳಗೆ ನುಗ್ಗಿದವಳು ಆರೋಪಿಯಾದಳು. ಇದು ಇನ್ಸ್‌ಪೆಕ್ಟರ್‌ಗೆ ಸ್ವಲ್ಪವೂ ಹಿಡಿಸಲಿಲ್ಲ.

ನಾಲ್ಕೂವರೆಗೆ ಪಂಚನಾಮೆ ಶುರುವಾಯಿತು. ಬೆಂಕಿ ಮೇಜನ್ನು ಬಿಟ್ಟು ಗೋಡೆಗೆ ಹೊದಿಸಿದ್ದ ಹಲಗೆಯನ್ನೇ ಹೆಚ್ಚು ತಿಂದಿತ್ತು. ಫೋಟೋ ಮುಗಿದ ಮೇಲೆ ದಫೇದಾರ ಕೈಗವಸು ತೊಟ್ಟು ಪೆಟ್ಟಿಗೆಯನ್ನು ಎತ್ತಿದ. ಕೆಳಗಿನ ಬಟ್ಟೆ ಸುಟ್ಟಿರಲಿಲ್ಲ. ಅದರ ಮೇಲೆ ಕಪ್ಪು ಮಸಿ ಕೂತಿತ್ತು.

"ಎಲ್ಲಾ ಕಡೆ ಮಸಿಯೇ ಅಲ್ವಾ ಮೇಡಂ, ಇದರಲ್ಲೇನು ವಿಶೇಷ?"

"ನಿಮ್ಮ ಮನೇಲಿ ಕೊಡ ಇಟ್ಟ ಜಾಗದಲ್ಲಿ, ಕೊಡದ ಅಡಿಗೆ ಧೂಳು ಕೂರುತ್ತೇನ್ರೀ?"

ದಫೇದಾರ ಬಟ್ಟೆಯತ್ತ ಬಗ್ಗಿ ನೋಡಿದ. "ಅಂದ್ರೆ ಮಸಿ ಬಿದ್ದ ಮೇಲೆ ಯಾರೋ ತಂದು ಇಟ್ಟಿದ್ದಾರೆ!"

"ಮೊದಲು ಅದನ್ನ ಬರೀರಿ."

ಆಸ್ಪತ್ರೆಯಲ್ಲಿ ಹೆಂಗಸಿನ ಅಣ್ಣ ಅವಳಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದ. ಖಾಕಿ ಕಂಡವನೇ ಎದ್ದು ನಿಂತ. "ಜೈಲಿಗೆ ಹಾಕ್ತೀರಾ ಮೇಡಂ? ಇವಳಿಗೆ ಒಂದು ತುತ್ತು ತಿನ್ನೋಕೂ ಇನ್ನೊಬ್ಬರ ಕೈ ಬೇಕು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ನನ್ನ ಠಾಣೇಲಿ ನಡೆಯಲ್ಲ, ಕೂತ್ಕೊಳ್ಳಿ," ಎಂದು ಇನ್ಸ್‌ಪೆಕ್ಟರ್ ಹೆಂಗಸಿನತ್ತ ತಿರುಗಿದಳು. "ಪೆಟ್ಟಿಗೆ ಎಲ್ಲಿಟ್ಟಿದ್ರಿ?"

"ಸ್ಟ್ಯಾಂಡಿನ ಮೇಲೆ. ಸ್ವಿಚ್ ಆರಿಸಿಯೇ ಹೋದೆ."

"ಬೆಳಿಗ್ಗೆಯಿಂದ ಹೊಸದೇನಾದ್ರೂ ಕಂಡಿತ್ತಾ?"

ಅವಳು ಯೋಚಿಸಿದಳು. "ಹೊಸ ದೊಡ್ಡ ಪೆಟ್ಟಿಗೆಗಳು ಬಂದಿದ್ವು. ಹನ್ನೆರಡೂ ಒಟ್ಟಿಗೆ ಹಾಕಿದ್ದು ಇವತ್ತೇ ಮೊದಲು. ಹಲಗೆಗೆ ಬೆನ್ನು ಕೊಟ್ರೆ ಬಿಸಿ ಹತ್ತುತ್ತಿತ್ತು. ಸೆಖೆ ಇರಬೇಕು ಅಂದ್ಕೊಂಡೆ."

ಮರುದಿನ ವಿದ್ಯುತ್ ಪರೀಕ್ಷಕಿ ಬಂದು ಹಲಗೆ ಕಿತ್ತಿಸಿದಳು. ಹಿಂದೆ ಒಂದೇ ಒಂದು ಪೈಪು. ಅದನ್ನು ಸೀಳಿದಾಗ ತಂತಿಗಳೆಲ್ಲ ಕರಗಿ ಒಂದೇ ಮುದ್ದೆಯಾಗಿದ್ದವು.

"ಮೇಸ್ತ್ರಿ ಪ್ರಕಾರ ತಂತಿ ಸರಿ, ಬ್ರೇಕರ್ ಸರಿ," ಎಂದಳು ಇನ್ಸ್‌ಪೆಕ್ಟರ್.

"ಒಂದೊಂದಾಗಿ ನೋಡಿದ್ರೆ ಸರಿನೇ. ಈ ತಂತಿ ಒಂಟಿಯಾಗಿದ್ರೆ ಹದಿನೆಂಟು ಆಂಪ್ ಹೊರುತ್ತೆ. ಪೆಟ್ಟಿಗೆಗೊಂದರಂತೆ ಒಂದೇ ಪೈಪಲ್ಲಿ ಹನ್ನೆರಡು ಲೈನ್ ಒಟ್ಟಿಗೆ ದುಡಿದ್ರೆ ಲೆಕ್ಕ ಅರ್ಧಕ್ಕೆ ಇಳಿಸ್ಬೇಕು, ಒಂಬತ್ತಕ್ಕೆ. ಇಲ್ಲಿ ಹದಿನೈದು ಹರಿದಿದೆ."

"ಬ್ರೇಕರ್ ಯಾಕೆ ಬೀಳಲಿಲ್ಲ?"

"ಅದು ಹದಿನಾರು ದಾಟಿದ್ರೆ ಬೀಳೋದು. ತನ್ನ ತಂತಿಯಲ್ಲಿ ಎಷ್ಟು ಹರಿಯುತ್ತೆ ಅಂತ ನೋಡುತ್ತೆ ಅಷ್ಟೇ. ಪಕ್ಕದವರ ಶಾಖ ಅದಕ್ಕೆ ಗೊತ್ತಾಗಲ್ಲ. ಒಬ್ಬರು ಮಲಗೋ ಕೋಣೇಲಿ ಹನ್ನೆರಡು ಜನ ಮಲಗಿದ್ರೆ ಬೆಂದುಹೋಗಲ್ವಾ? ಹಾಗೆ. ಮಧ್ಯಾಹ್ನದ ಹೊತ್ತಿಗೆ ತಂತಿ ಕರಗಿ, ಕಿಡಿ ಹಾರಿ, ಹಲಗೆ ಒಳಗೊಳಗೇ ಹೊತ್ತಿಕೊಂಡಿದೆ."

ಬೆಂಕಿಗೆ ಕಾರಣ ಸಿಕ್ಕಿತು. ಪೆಟ್ಟಿಗೆಗೆ ಕಾಲು ಬಂದದ್ದು ಹೇಗೆಂಬುದು ಉಳಿಯಿತು. ಇನ್ಸ್‌ಪೆಕ್ಟರ್ ಮಾಲೀಕನನ್ನು ಕರೆಸಿದಳು.

"ಬೆಂಕಿ ಆರಿದ ಮೇಲೆ, ನಾವು ಬರೋ ಮುಂಚೆ, ಒಳಗೆ ಹೋದವರು ಯಾರು?"

"ಮೇಸ್ತ್ರಿ ಒಬ್ಬನೇ. ಮೇನ್ ಸ್ವಿಚ್ ತೆಗೀಬೇಕು ಅಂದ."

"ಮೇನ್ ಎಲ್ಲಿದೆ?"

ಮಾಲೀಕ ಬೆಪ್ಪಾದ. "ಹೊರಗೆ... ಗೇಟಿನ ಹತ್ತಿರ."

ಮೇಸ್ತ್ರಿಯನ್ನು ಠಾಣೆಗೆ ಕರೆತಂದಾಗ ಸಂಜೆ ಐದು. ಇನ್ಸ್‌ಪೆಕ್ಟರ್ ಮಸಿಯ ಫೋಟೋವನ್ನೂ ಕರಗಿದ ಮುದ್ದೆಯನ್ನೂ ಅವನ ಮುಂದಿಟ್ಟಳು.

"ಹೊಸ ತಂತಿ ಎಳೆದಾಗ ಪರೀಕ್ಷೆ ಮಾಡಿದ್ರಾ?"

"ಮಾಡಿದೆ. ಒಂದೊಂದೇ ಲೈನ್ ಹಾಕಿ, ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು."

"ಎಲ್ಲಾ ಒಟ್ಟಿಗೆ?"

ಮೇಸ್ತ್ರಿ ಫೋಟೋವನ್ನು ಮೇಜಿನಂಚಿಗೆ ಸರಿಸಿದ.

"ಒಟ್ಟಿಗೆ ಹಾಕಿದ್ರಾ ಇಲ್ವಾ?"

"ಇಲ್ಲ."

"ಪೈಪ್ ಸಾಲದು ಅಂತ ಯಾವಾಗ ಗೊತ್ತಾಯ್ತು?"

"ಬೆಂಕಿ ಆರಿದ ಮೇಲೆ. ಒಳಗೆ ಹೋಗಿ ಸುಟ್ಟ ಹಲಗೆ ಸಂದೀಲಿ ಪೈಪ್ ನೋಡಿದ ಕೂಡಲೇ." ಅವನು ಕರಗಿದ ಮುದ್ದೆಯ ಮೇಲೆ ಅಂಗೈ ಇಟ್ಟ. "ಕಾವಲುಗಾರ ನನ್ನ ಸ್ನೇಹಿತ, ಮೇಡಂ. ದಿನಾ ಒಟ್ಟಿಗೆ ಚಹಾ ಕುಡೀತಿದ್ವಿ. ನಾನೇ ಕೊಂದೆ ಅಂತ ಹೇಗೆ ಹೇಳ್ಲಿ? ಕೈಗೆ ಪೆಟ್ಟಿಗೆ ಸಿಕ್ತು, ಮೇಜಿನ ಮೇಲೆ ಮಕಾಡೆ ಇಟ್ಟು ಸ್ವಿಚ್ ಹಾಕ್ದೆ."

ಆರೂ ಕಾಲಿಗೆ ಬಂಧನವಾಯಿತು. ನಿರ್ಲಕ್ಷ್ಯದ ಜೊತೆಗೆ ಸಾಕ್ಷ್ಯ ತಿರುಚಿದ್ದೂ ಸೇರಿತು.

ಅವನು ಲಂಚ ತಿಂದವನಲ್ಲ, ಕಳಪೆ ಸಾಮಾನು ಹಾಕಿದವನೂ ಅಲ್ಲ. ಸುತ್ತಲ ಬೀದಿಗಳಲ್ಲಿ ಯಾರೇ ಮನೆ ಕಟ್ಟಲಿ, ಮೊದಲ ದೀಪಕ್ಕೆ ಅವನ ಕೈಯೇ ಬೇಕಿತ್ತು. ಕೈಗುಣ ಒಳ್ಳೆಯದೆಂಬ ಆ ಒಂದು ಮಾತು ಹೋದರೆ ತಾನು ಯಾರೂ ಅಲ್ಲ ಎಂದು ಅವನಿಗೆ ಜೀವ ಹೋಗುವಷ್ಟು ಭಯವಿತ್ತು.

ಇನ್ಸ್‌ಪೆಕ್ಟರ್ ತಾನೇ ಆಸ್ಪತ್ರೆಗೆ ಹೋಗಿ ಹೇಳಿದಳು. ಅಣ್ಣ ಕೈಮುಗಿದು ಗೊಳೋ ಎಂದು ಅತ್ತ. ಹೆಂಗಸು ಅಳಲಿಲ್ಲ.

"ನಮ್ಮನೆಗೂ ಅವರೇ ವೈರಿಂಗ್ ಮಾಡಿದ್ದು," ಎಂದಳು. "ತಪ್ಪು ಯಾರಿಂದ ಆಗಲ್ಲ ಮೇಡಂ? ಅದನ್ನ ಮರೀತಿದ್ದೆ. ಆದರೆ ಆ ಪೆಟ್ಟಿಗೆ ತಂದಿಡೋ ಹೊತ್ತಿಗೆ, ಹೊರಗೆ ನನ್ನ ಸುಟ್ಟ ಕೈಗೆ, ನಮ್ಮ ಜೊತೇಲೇ ಹೊಲಿಯೋ ಅವರ ಹೆಂಡತಿಯೇ ನೀರು ಹಾಕ್ತಾ ಕೂತಿದ್ಲು."